ಹಲ್ಲಿನಿಂದ ಕೇಳುತ್ತಿದ್ದ ಮಲಕಾಜಪ್ಪ ಕಾಕಾ

ಮಲಕಾಜಪ್ಪ ಕಾಕಾ ಎಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ಹಳೆಯ ಕೈಮಗ್ಗದಿಂದ ಬಿಚ್ಚಿಟ್ಟುಕೊಂಡ ಮೊಳದುದ್ದದ ಕೋಲೊಂದು ಅವರ ಬಳಿ ಇತ್ತು. ಒಂದು ತುದಿಯನ್ನು ಓಡುವ ಎಂಜಿನ್ನಿಗೆ ಊರಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಎಂದೂ ನಗು ಬರಲಿಲ್ಲ.

ಬನಹಟ್ಟಿಯ ಪವರ್‌ಲೂಮುಗಳ ನಡುವೆ ವರ್ಷಗಟ್ಟಲೆ ನೇಯ್ದು ಅವರ ಕಿವಿ ಮಂದವಾಗಿತ್ತು; ನೇಯ್ಗೆ ಬಿಟ್ಟ ಮೇಲೆ ಗಾಡಿ ರಿಪೇರಿಯ ಅಂಗಡಿ ಇಟ್ಟಿದ್ದರು. ಎದುರಿದ್ದವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು. “ಕಿವಿ ಹೋದರ ಹೋಗವಲ್ದ್ಯಾಕರಿ, ಹಲ್ಲ ಅದಾವಲ್ಲ” ಎಂದು ಗಹಗಹಿಸುತ್ತಿದ್ದರು. ಹಲ್ಲೇನೋ ಇದ್ದವು, ಎಲೆ ಅಡಿಕೆಯ ಬಣ್ಣ ಹೊತ್ತುಕೊಂಡು.

ನಾನು ಬೀಳಗಿ ಕಡೆಯ ಹಳ್ಳಿಯೊಂದರಲ್ಲಿ ಶಾಲೆಯ ಮಾಸ್ತರಿಣಿ. ದಿನವೂ ಬನಹಟ್ಟಿಯಿಂದ ಹಳೆಯ ಕಾರಿನಲ್ಲಿ ಹೋಗಿಬರುವವಳು. ಆ ಕಾರು ಒಂದು ದಿನ ಕಿರುಚಲು ಶುರುಮಾಡಿತು. ಜಮಖಂಡಿಯಲ್ಲಿ ಎರಡು ಸಲ ಬೆಲ್ಟ್ ಬದಲಿಸಿದರೂ ಅದರ ಗೋಳು ನಿಲ್ಲಲಿಲ್ಲ. ಯಾರೋ ಹೇಳಿದರೆಂದು ಕಾಕಾನ ಅಂಗಡಿಗೆ ಒಯ್ದರೆ ಅವರು ಬಾನೆಟ್ಟನ್ನೂ ಎತ್ತಲಿಲ್ಲ.

“ಕರೆಂಟ್ ಹೋಗಲಿ, ತಡೀರಿ ಅಕ್ಕೋರ.”

“ಕಾರಿಗೆ ಕರೆಂಟ್ ಯಾಕ ಬೇಕರಿ ಕಾಕಾ?”

“ಮಗ್ಗ ನಡದಾಗ ನೆಲಾನ ನಡಗತೈತಿ. ಊರಿನ ಗದ್ಲಾ ಎಲ್ಲಾ ನನ್ನ ಹಲ್ಲಿಗೆ ಬರತೈತಿ. ನಿಮ್ಮ ಗಾಡಿದು ಯಾವುದು, ಊರಿಂದು ಯಾವುದು, ಹೆಂಗ ತಿಳೀಬೇಕು?”

ಶಾಲೆಗೆ ಹೊತ್ತಾಗುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಹಲ್ಲು ಕಡಿಯುತ್ತ ಬೆಂಚಿನ ಮೇಲೆ ಕೂತೆ. ಹತ್ತೂವರೆಗೆ ಕರೆಂಟ್ ಹೋಯಿತು. ಓಣಿಗೆ ಓಣಿಯೇ ಒಮ್ಮೆಲೇ ಮೌನವಾಯಿತು. ಬನಹಟ್ಟಿಯಲ್ಲಿ ಹುಟ್ಟಿ ಬೆಳೆದ ನನಗೂ ಆ ಮೌನಕ್ಕೆ ಮೈ ಜುಮ್ಮೆನ್ನುತ್ತದೆ.

ಕಾಕಾ ಎಂಜಿನ್ ಶುರುಮಾಡಿಸಿ ಬೆಲ್ಟಿನ ಮೇಲೆ ನೀರು ಚಿಮುಕಿಸಿದರು. ಕಿರುಚಾಟ ತಗ್ಗಿತೇ ಎಂದು ನನ್ನ ಮುಖ ನೋಡಿದರು. ಇಲ್ಲವೆಂದು ತಲೆಯಾಡಿಸಿದೆ. “ಬೆಲ್ಟಿಂದಾಗಿದ್ರ ನೀರ ಕುಡದು ಒಂದ ಗಳಿಗಿ ಸುಮ್ಮನಾಗತಿತ್ತು” ಎಂದು ಕೋಲು ಕಚ್ಚಿದರು. ಆಲ್ಟರ್ನೇಟರ್, ನೀರಿನ ಪಂಪು, ಎಲ್ಲ ಮುಗಿದು ಬೆಲ್ಟನ್ನು ದಾರಿಗೆ ಹಚ್ಚುವ ಒಂದು ಸಣ್ಣ ಪುಲ್ಲಿಯ ನಡುವಿನ ಬೋಲ್ಟಿಗೆ ಊರಿದಾಗ ಕಣ್ಣು ತೆರೆದರು. ಕೋಲು ಒರೆಸಿ ನನಗೂ ಕಚ್ಚಲು ಕೊಟ್ಟರು.

“ಏನನಸ್ತೈತಿ?”

“ಉಸುಕ ಅರದಂಗ ಆಗತೈತಿ ಕಾಕಾ.”

“ಬೇರಿಂಗ್ ಒಣಗೇತಿ. ನಿಮ್ಮ ಹಲ್ಲು ಖರೆ ಹೇಳತಾವ.”

“ಹಂಗಾರ ನಾಳೆ ಹಾಕೂಣ್ರಿ, ಸಾಲಿಗೆ ತಡಾ ಆಗೇತಿ.”

ಅವರ ಮುಖ ಬಿಳಿಚಿಕೊಂಡಿತು. ಎಂಜಿನ್ ಬಂದ್ ಮಾಡಿ, ಕೀಲಿ ತೆಗೆದು ಜೇಬಿಗಿಟ್ಟುಕೊಂಡರು.

“ನಮ್ಮ ಮಗ್ಗದ ಪುಲ್ಲೀನೂ ಹಿಂಗ ಒದರಾಕತ್ತಿತ್ತರಿ. ನನ್ನ ಹೇಣ್ತಿ ಗೌರವ್ವ ಮೂರ ದಿನಾ ಹೇಳಿದ್ಳು. ನಾಳೆ ಮಾಡೂಣು ಅಂದೆ. ನಾಲ್ಕನೇ ದಿನಾ ಅದು ಜಾಮ್ ಆಗಿ ಬೆಲ್ಟ್ ಹಾರಿ ಆಕಿ ಸೆರಗ ಹಿಡಕೊಂಡ್ತು, ಆಕಿ ಉಳೀಲಿಲ್ಲರಿ. ನಾ ನೂಲು ತರಾಕ ರಬಕವಿಗೆ ಹೋಗಿದ್ನಿ. ಬರೂದ್ರಾಗ ಕರೆಂಟ್ ಹೋಗಿತ್ತು, ಊರೆಲ್ಲಾ ಸುಮ್ಮನಿತ್ತು. ನಮ್ಮ ಮಗ್ಗದ ಸಪ್ಪಳ ಮಾತ್ರ ಕೇಳಾಕತ್ತಿತ್ತು.”

ನಾನು ಮತ್ತೆ ಬೆಂಚಿನ ಮೇಲೆ ಕೂತೆ. ಅವರೇ ಹೋಗಿ ಪುಲ್ಲಿ ತಂದರು. ಬೆಲ್ಟ್ ಹಾಯುವ ದಾರಿಯನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದುಕೊಂಡು, ಬಿಗಿ ಸಡಿಲಿಸಿ ಬೆಲ್ಟ್ ಕಳಚಿದರು. ಹಳೆಯ ಪುಲ್ಲಿಯನ್ನು ಬಿಚ್ಚಿ ನನ್ನ ಕಿವಿಯ ಹತ್ತಿರ ತಿರುಗಿಸಿದರೆ ಗರಗರ ಎಂದಿತು. ಹೊಸದು ಉಸಿರೆತ್ತಲಿಲ್ಲ. ಅದನ್ನು ಕೂರಿಸಿ, ಬೆಲ್ಟ್ ಎಲ್ಲ ಪುಲ್ಲಿಗಳ ಮೇಲೂ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ ಕೀಲಿ ಕೊಟ್ಟರು. ಎಂಜಿನ್ ಮೆತ್ತಗೆ ಓಡಿತು.

ಕರೆಂಟ್ ಇನ್ನೂ ಬಂದಿರಲಿಲ್ಲ. ಕಾಕಾ ಎಂಜಿನ್ ನಿಲ್ಲಿಸಿ ಅಂಗಡಿಯ ಹಿಂದಿನ ಗೋಡೆಗೆ ಕೋಲು ಊರಿ ಕಚ್ಚಿದರು. ಬಹಳ ಹೊತ್ತು ಹಾಗೇ ನಿಂತರು.

“ನಡದೈತಿ,” ಎಂದರು. “ಊರೆಲ್ಲಾ ನಿಂತರೂ ಆಕಿ ಮಗ್ಗ ಒಂದ ನಿಂದ್ರವಲ್ದು. ಅದು ನಿಂತ ದಿನಾ ಗೌರವ್ವ ನನ್ನ ತಪ್ಪು ಹೊಟ್ಯಾಗ ಹಾಕ್ಕೊಂಡ್ಳು ಅಂತ ತಿಳಕೋತೀನಿ.”

ಹೋಗುವಾಗ ನಾನು ಆ ಗೋಡೆಯಾಚೆಯ ಮಗ್ಗದ ಕೋಣೆಯ ಕಿಟಕಿಯಲ್ಲಿ ಇಣುಕಿದೆ. ಮಗ್ಗವನ್ನು ಗುಜರಿಗೆ ಕೊಟ್ಟು ವರ್ಷಗಳಾಗಿದ್ದವು. ಬರಿಯ ನೆಲ, ಪಾರಿವಾಳದ ಹಿಕ್ಕೆ.

ಆಮೇಲೆ ಏಳೆಂಟು ವರ್ಷ ನನ್ನ ಕಾರು ಬೇರೆಯವರ ಕೈ ಕಾಣಲಿಲ್ಲ. ಪ್ರತಿ ಸಲವೂ ಕರೆಂಟ್ ಹೋಗುವುದನ್ನು ಕಾಯುವುದು, ಕೆಲಸ ಮುಗಿಸಿ ಗೋಡೆಗೆ ಕೋಲು ಊರುವುದು, “ನಡದೈತಿ” ಎನ್ನುವುದು. ಕೋಲನ್ನು ನನ್ನ ಕಡೆ ಅವರು ಚಾಚಲಿಲ್ಲ. ನಾನೂ ಕೇಳಲಿಲ್ಲ, ನನಗೆ ಹೆದರಿಕೆ ಇತ್ತು.

ಹೋದ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಹೋದೆ. ಅಂಗಡಿಯಲ್ಲೇ, ಆ ಗೋಡೆಗೆ ಮುಖ ಮಾಡಿ ಮಲಗಿದ್ದರು. ತಿರುಗಿ ನಕ್ಕಾಗ ನೋಡಿದೆ, ಬಾಯಲ್ಲಿ ಒಂದೂ ಹಲ್ಲಿರಲಿಲ್ಲ.

“ಆರ ತಿಂಗಳಾತರಿ, ನಡದೈತೋ ನಿಂತೈತೋ ತಿಳೀವಲ್ದು. ಬ್ಯಾರೇದವರನ್ನ ಕೇಳಿದ್ರ ಹುಚ್ಚ ಅಂತಾರ. ನೀವ ಒಂದ ಸಲ ಕಚ್ಚಿ ನೋಡ್ರಿ ಅಕ್ಕೋರ.”

ಕರೆಂಟ್ ಹೋಗುವವರೆಗೆ ಅವರ ಕೈ ಹಿಡಿದು ಕೂತೆ. ಮಧ್ಯಾಹ್ನ ಮೂರಕ್ಕೆ ಊರು ಮೌನವಾಯಿತು. ಕೋಲನ್ನು ಗೋಡೆಗೆ ಊರಿ, ಅವರ ಹಲ್ಲಿನ ಗುರುತು ಬಿದ್ದಲ್ಲೇ ಕಚ್ಚಿದೆ. ಮೊದಲು ಏನೂ ಇರಲಿಲ್ಲ. ಆಮೇಲೆ ದವಡೆಗೆ ಸಣ್ಣಗೆ ಬಂತು, ಲಾಳಿ ಆಚೆಯಿಂದ ಈಚೆಗೆ ಹೊಡೆಯುವ ಪೆಟ್ಟು. ಒಂದರ ಹಿಂದೆ ಒಂದು, ತಪ್ಪದೆ. ಅದರ ಅಡಿಯಲ್ಲಿ, ಉಸುಕು ಅರೆದ ಹಾಗೆ, ಪುಲ್ಲಿ.

ಕೋಲು ಬಾಯಿಂದ ತೆಗೆದೆ. ಕಾಕಾ ನನ್ನ ತುಟಿಯನ್ನೇ ನೋಡುತ್ತಿದ್ದರು.

“ನಿಂತೈತಿ ಕಾಕಾ. ಏನೂ ಸಪ್ಪಳಿಲ್ಲ.”

“ಖರೆ?”

“ಖರೆ.”

“ಆತು ಬಿಡ್ರಿ ಹಂಗಾರ,” ಎಂದು ಗೋಡೆಗೆ ಬೆನ್ನು ಮಾಡಿ ಮಲಗಿದರು. ಅಷ್ಟು ಹಗುರಾದ ಅವರ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ನಾಲ್ಕನೆಯ ದಿನ ಹೋಗಿಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಅತ್ತದ್ದು ಅವರಿಗಾಗಿಯೋ, ನಾನಾಡಿದ ಸುಳ್ಳಿಗಾಗಿಯೋ ಇಂದಿಗೂ ಗೊತ್ತಿಲ್ಲ.

ಕೋಲು ಈಗ ನನ್ನ ಕಾರಿನ ಡಿಕ್ಕಿಯಲ್ಲಿದೆ. ನಾನದನ್ನು ಯಾವುದಕ್ಕೂ ಊರಿ ನೋಡಿಲ್ಲ. ಆದರೂ ಊರಿನಲ್ಲಿ ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತಾಗ, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗದಂತೆ, ಬಾಯಿ ತುಸು ತೆರೆದುಕೊಂಡೇ ಕೂಡುತ್ತೇನೆ.