ನಾಮದಬಾತು

ಮೊನ್ನೆ ಪಾರ್ಕಿನಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಆ ಹಸಿ ವಾಸನೆ ಮೂಗಿಗೆ ತಾಗಿದ್ದೇ ತಡ, ಎಪ್ಪತ್ತು ವರ್ಷದ ಹಿಂದೆ ನನ್ನ ಕೆನ್ನೆಯ ಹತ್ತಿರ ಉಸಿರಾಡುತ್ತಿದ್ದ ಒಂದು ಹಕ್ಕಿ ನೆನಪಾಯಿತು. ಅದರ ಉಸಿರಿಗೂ ಇದೇ ವಾಸನೆಯಿತ್ತು. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು, ಕಳೆದುಹೋದ ಮನೆಯೊಂದರ ಬಾಗಿಲು ತೆಗೆಯುವಂಥದ್ದು.

ಆಗ ಮೂಡಲಪಾಳ್ಯ ಇನ್ನೂ ಹಳ್ಳಿ. ನಮ್ಮ ಹೆಂಚಿನ ಮನೆಯ ಹಿಂದೆ ಗದ್ದೆ, ಅದರಾಚೆ ಕೆರೆ. ದೀಪಾವಳಿ ಕಳೆದು ಚಳಿ ಬಿದ್ದರೆ ಸಾಕು, ದೊಡ್ಡ ಬೂದು ಬಾತುಗಳು ಆಂಗ್ ಆಂಗ್ ಎಂದು ಕೂಗುತ್ತಾ ಸಾಲುಗಟ್ಟಿ ಬಂದು ಕೆರೆಗೆ ಇಳಿಯುತ್ತಿದ್ದವು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಅದಕ್ಕೇ ನಾವು ನಾಮದಬಾತು ಅನ್ನುತ್ತಿದ್ದೆವು. ನೋಡಲು ಚೆಂದ, ಆದರೆ ಬೆಳಗಿನ ಮಂಜಿನಲ್ಲಿ ಗದ್ದೆಗಿಳಿದು ಎಳೆ ಪೈರನ್ನು ಬುಡಮಟ್ಟ ಮೇಯುತ್ತಿದ್ದವು. ಓಡಿಸಿ ಓಡಿಸಿ ಸಾಕಾದ ಅಪ್ಪ ಒಂದು ದಿನ ಕವಣೆ ಬೀಸಿದ. ಕಲ್ಲು ಒಂದರ ರೆಕ್ಕೆಗೆ ಬಿತ್ತು. ಸಾರಿಗಾಯಿತು ಎಂದು ಎತ್ತಿಕೊಂಡು ಬಂದು ಮಚ್ಚು ಮಸೆಯತೊಡಗಿದ. ಅದರ ಜೋಡಿ ನಮ್ಮ ಮನೆಯ ಮೇಲೆಯೇ ಸುತ್ತುತ್ತಾ ಕೂಗುತ್ತಿತ್ತು.

ನಾನು ಗಾಯದ ಹಕ್ಕಿಯನ್ನು ಕೆನ್ನೆಗವಚಿಕೊಂಡು ಅಂದೆ: "ಅಪ್ಪಾ, ಇವು ಹಿಮಾಲಯದ ಆಚೆಯಿಂದ ಬರ್ತವಂತೆ. ಮೊಟ್ಟೆ ಇಡೋದೂ ಅಲ್ಲೇ, ಬೆಟ್ಟದ ಮೇಲಿನ ಕೆರೆ ದಂಡೇಲಿ. ಮೇಷ್ಟ್ರು ಹೇಳಿದ್ರು."

ಅಪ್ಪ ಮಚ್ಚು ಕೆಳಗಿಟ್ಟ. "ಹಿಮಾಲಯನಾ? ಅದನ್ನ ದಾಟ್ಕೊಂಡಾ?"

"ಹೂಂ."

"ಅಷ್ಟು ದೂರದಿಂದ ಬಂದಿದ್ದನ್ನ ನಾನು ಹೊಡೆದ್ನಲ್ಲವ್ವಾ," ಅಂದವನು ಜಗಲಿಯ ಮೇಲೆ ಕುಳಿತುಬಿಟ್ಟ.

ಅಜ್ಜಿ ಬಿದಿರು ಸೀಳಿ, ಅರಿಶಿನ ಹಚ್ಚಿ, ಹಳೇ ಸೀರೆಯ ಚೂರಿನಿಂದ ರೆಕ್ಕೆ ಕಟ್ಟಿದಳು. ಆಮೇಲೆ ದಿನವೂ ಅಪ್ಪ ಅದನ್ನು ಎದೆಗವಚಿಕೊಂಡು ಕೆರೆಗೆ ಒಯ್ಯುತ್ತಿದ್ದ. ಜೋಡಿ ನೀರಿನಲ್ಲಿ ಕಾಯುತ್ತಿತ್ತು. ಎರಡೂ ಕತ್ತನ್ನು ನೀರಿಗದ್ದಿ ಎತ್ತುತ್ತಾ, ಮೆಲ್ಲಗೆ ಏನೋ ಹೇಳಿಕೊಳ್ಳುತ್ತಾ ಒಟ್ಟಿಗೆ ಈಜುತ್ತಿದ್ದವು. ಯುಗಾದಿಗೆ ಮುಂಚೆಯೇ ಬಿಸಿಲೇರಿತು. ಒಂದು ಮುಂಜಾನೆ ಹಿಂಡು ಎದ್ದು ಉತ್ತರಕ್ಕೆ ತಿರುಗಿತು. ನಮ್ಮ ಹಕ್ಕಿ ನೀರಿನ ಮೇಲೆ ಓಡಿತು, ರೆಕ್ಕೆ ಬಡಿಯಿತು, ಏಳಲಾಗಲಿಲ್ಲ. ಜೋಡಿ ಹಿಂದಿರುಗಿ ಬಂದು ಅದರ ಪಕ್ಕ ಇಳಿಯಿತು. ಮೂರನೆಯ ದಿನ ಆ ಜೋಡಿಯೂ ಕಾಣಲಿಲ್ಲ. ಅಪ್ಪ ಮೊಣಕಾಲುದ್ದ ನೀರಿಗಿಳಿದು, "ಮುಂದಿನ ಸಲ ಹೋಗುವಂತೆ, ಬಾರವ್ವ," ಎಂದು ಎತ್ತಿಕೊಂಡ. ಆದರೆ ನಮ್ಮ ಬೇಸಿಗೆ ಅದಕ್ಕೆ ಆಗಿಬರಲಿಲ್ಲ. ಮೊದಲ ಮಳೆಗೆ ಮುಂಚೆ, ಒಂದು ಮಧ್ಯಾಹ್ನ, ಅಪ್ಪನ ತೊಡೆಯ ಮೇಲೆ ಕತ್ತು ಚೆಲ್ಲಿತು.

ಮುಂದಿನ ಚಳಿಗಾಲ ಹಿಂಡು ಬಂದಾಗ ಅಪ್ಪ ಕೆರೆ ಪಕ್ಕದ ಗದ್ದೆಯ ಮಡಿಯೊಂದನ್ನು ಅವಕ್ಕೇ ಬಿಟ್ಟ. "ತಿನ್ಲಿ ಬಿಡು," ಅನ್ನುತ್ತಿದ್ದ. ವರ್ಷಗಳು ಕಳೆದವು, ಅಜ್ಜಿ ಹೋದಳು, ಗದ್ದೆಗಳು ಸೈಟುಗಳಾದವು, ಹೆಂಚಿನ ಮನೆ ಬಿತ್ತು, ಕೆರೆಗೆ ಮಣ್ಣು ತುಂಬಿದರು. ಆ ವರ್ಷವೂ ಹಿಂಡು ಬಂತು. ಹೊಸ ತಾರಸಿಗಳ ಮೇಲೆ ತಗ್ಗಿ ಹಾರಿ, ಸುತ್ತಿ ಸುತ್ತಿ, ಕೊನೆಗೆ ಕೆಂಗೇರಿ ಕೆರೆಯ ಕಡೆಗೆ ತಿರುಗಿತು. ಬೀದಿಯಲ್ಲಿ ನಿಂತು ನೋಡುತ್ತಿದ್ದ ಅಪ್ಪ ನನ್ನ ಕೈ ಹಿಡಿದುಕೊಂಡ. ನಾನಾಗ ಎರಡು ಮಕ್ಕಳ ತಾಯಿ. ಆ ಕೂಗು ಪೂರಾ ಅಡಗುವವರೆಗೂ ಕೈ ಬಿಡಿಸಿಕೊಳ್ಳಲಿಲ್ಲ.