ಊಟದ ಡಬ್ಬಿಯೂ ಸಡಿಲ ನಟ್ಟೂ

ಇವತ್ತು ಬೆಳಿಗ್ಗೆ ಟ್ರೈಈಥೈಲಮೀನ್ ಬಾಟಲಿಯ ಮುಚ್ಚಳ ತಿರುಗಿಸಿದೆ. ಹೆಸರು ಉದ್ದದ್ದು, ವಾಸನೆ ಮಾತ್ರ ನಿಮಗೂ ಗುರುತಿರುವಂಥದ್ದು: ಕೊಳೆತ ಮೀನಿನದು. ಕಾರ್ಕಳದ ನಮ್ಮ ಕಂಪನಿಯ ಲ್ಯಾಬಿಗೆ ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರು ಮೂಗು ಮುಚ್ಚಿಕೊಂಡು, "ಮೇಡಂ, ಯಾರೋ ಡಬ್ಬಿಯಲ್ಲಿ ಮೀನು ತಂದ ಹಾಗೆ ಉಂಟು" ಎಂದು ನಕ್ಕರು. ನಾನು ಅವರ ಮೇಲೆ ಹರಿಹಾಯ್ದೆ. ಪಾಪ, ಅವರಿಗೇನು ಗೊತ್ತು? ಅವರಿಗೆ ಬೈದದ್ದು ಹೆಚ್ಚಾಯಿತು, ಬೈಯಬೇಕಾದವರಿಗೆ ಆಗ ಬೈದದ್ದು ಸಾಲಲಿಲ್ಲ.

ಸಿಟ್ಟು ಹಳೆಯದು, ಮಣಿಪಾಲದ್ದು. ಅಲ್ಲಿ ಪಿಎಚ್.ಡಿ.ಗೆ ಸೇರಿದಾಗ ನನ್ನ ಗೈಡ್ ಕೊಟ್ಟ ಕೆಲಸ, ಪಲ್ಲೇಡಿಯಂ ಬಳಸಿ ಎರಡು ಅಣುಗಳ ಕಾರ್ಬನ್ ತುದಿಗಳನ್ನು ಜೋಡಿಸುವುದು. ಈ ಪಲ್ಲೇಡಿಯಂ ಮದುವೆ ದಲ್ಲಾಳಿಯ ಹಾಗೆ. ಎರಡೂ ಕಡೆಯವರನ್ನು ಕೂರಿಸಿ, ಗಂಟು ಹಾಕಿಸಿ, ತಾನು ಮುಂದಿನ ಮನೆಗೆ ಹೊರಡುತ್ತದೆ. ಉಳಿದವರು ಇದನ್ನು ಫ್ಲಾಸ್ಕಿನಲ್ಲಿ ಬೇಯಿಸುತ್ತಿದ್ದರು, ನಾವು ಸಪೂರ ಕೊಳವೆಯಲ್ಲಿ ಹರಿಸುತ್ತಿದ್ದೆವು. ಒಂದು ತುದಿಯಿಂದ ಪಂಪು ದ್ರಾವಣವನ್ನು ತಳ್ಳುತ್ತದೆ. ಅದು ಪಲ್ಲೇಡಿಯಂ ತುಂಬಿದ ಬಿಸಿ ನಳಿಗೆಯನ್ನು ಹಾದು ಇನ್ನೊಂದು ತುದಿಯಲ್ಲಿ ತೊಟ್ಟಿಕ್ಕುತ್ತದೆ. ಆ ದ್ರಾವಣದಲ್ಲಿ, ಹುಟ್ಟುವ ಆಮ್ಲವನ್ನು ಉಪ್ಪಾಗಿಸಲು, ಟ್ರೈಈಥೈಲಮೀನ್ ಎಂಬ ಈ ಅಮೀನೂ ಇರಬೇಕು. ದಾರಿಯಲ್ಲಿ ಉಪ್ಪು ಕಟ್ಟಿತೋ, ಒತ್ತಡ ಏರಿ ಎಲ್ಲಿ ಸಡಿಲವೋ ಅಲ್ಲಿ ಜಿನುಗುತ್ತದೆ. ಆ ಕೊಳವೆಯನ್ನೇ ನೋಡುತ್ತ ಗಂಟೆಗಟ್ಟಲೆ ಕೂರುತ್ತಿದ್ದೆ. ಅಪ್ಪ ಬೋಟಿನಲ್ಲಿ ಬಲೆ ಕಾಯುವುದೂ ಹೀಗೆಯೇ ಎಂದು ಜಂಭ ಬೇರೆ.

ನಾನು ಕಾಪುವಿನವಳು. ಅಮ್ಮ ಉಡುಪಿಯ ಮಾರ್ಕೆಟಿನಲ್ಲಿ ಮೀನು ಮಾರುತ್ತಾಳೆ. ಲ್ಯಾಬಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಲ್ಯಾಬೆಲ್ಲ ನಾತ. ಗೈಡ್ ಸರ್ ಬಂದು, "ಯಾರು ಮೀನು ತಂದದ್ದು?" ಎಂದರು. ಕೇಳಿದ್ದು ಎಲ್ಲರನ್ನು, ನೋಡಿದ್ದು ನನ್ನನ್ನು. ನನ್ನ ಡಬ್ಬಿಯಲ್ಲಿ ಬಂಗುಡೆ ಮೀನಿನ ಪುಳಿಮುಂಚಿ ಇದ್ದದ್ದು ನಿಜ. ಡಬ್ಬಿ ಲ್ಯಾಬಿನ ಹೊರಗಿನ ಕಪಾಟಿನಲ್ಲಿತ್ತು, ಮುಚ್ಚಳ ತೆಗೆದಿರಲಿಲ್ಲ.

"ಸರ್, ಇದು ಅಮೀನಿನ ವಾಸನೆ. ಲೈನ್ ಎಲ್ಲೋ ಲೀಕ್ ಆಗ್ತಾ ಉಂಟು."

"ಮೊದಲು ನಿನ್ನ ಡಬ್ಬಿ ಕಟ್ಟಡದ ಹೊರಗಿಡು. ಲೀಕ್ ಆಮೇಲೆ ನೋಡುವಾ."

ಅಮೀನುಗಳಿಗೆ ಮೀನಿನ ವಾಸನೆ ಇರುತ್ತದೆಂದು ನಮಗೆ ಪಾಠ ಮಾಡಿದವರೇ ಅವರು. ಗೊತ್ತಿಲ್ಲದೆ ಹೇಳಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಮರುದಿನ ಬಾಗಿಲ ಮೇಲೆ ನೋಟೀಸು: ಕಟ್ಟಡದೊಳಗೆ ಮೀನು, ಮಾಂಸ ತರಕೂಡದು. ನಾನು ಸ್ಕೂಟರ್ ನಿಲ್ಲಿಸುವ ಶೆಡ್ಡಿನಲ್ಲಿ ಕೂತು ಉಣ್ಣತೊಡಗಿದೆ. ವಾಸನೆ ಎಲ್ಲಿಗೂ ಹೋಗಲಿಲ್ಲ. ನಳಿಗೆ ಇರುವ ಯಂತ್ರದ ಕವರ್ ಬಿಚ್ಚಲು ಸರ್ ಬಿಡಲಿಲ್ಲ. ರಿಪೋರ್ಟಿನ ಅವಸರ, ಪಂಪು ನಿಲ್ಲಿಸುವಂತಿಲ್ಲ. ಇಳುವರಿ ದಿನದಿಂದ ದಿನಕ್ಕೆ ಇಳಿಯಿತು, ಅದಕ್ಕೂ ನನ್ನ ಅಜಾಗರೂಕತೆಯೇ ಕಾರಣವಂತೆ.

ಪಕ್ಕದ ಮೇಜಿನ ಲವೀನಾ ಶಂಕರಪುರದವಳು, ಮನೆಯಲ್ಲಿ ಮಲ್ಲಿಗೆ ಕಟ್ಟುವವಳು. ಒಂದು ದಿನ ಕಣ್ಣುಜ್ಜಿಕೊಳ್ಳುತ್ತ ಬಂದಳು. "ಲೈಟಿನ ಸುತ್ತ ನೀಲಿ ಹೊಗೆ ಕಾಣ್ತದೆ ಮಾರಾಯ್ತಿ. ನಿನ್ನೆ ಸಂಜೆ ಬಾಳೆನಾರು ಸೀಳಲಿಕ್ಕೆ ಕೂತರೆ ನಾರೇ ಕಾಣಲಿಲ್ಲ."

ಈ ಅಮೀನಿನ ಆವಿ ಕಣ್ಣಿಗೆ ಮಾಡುವುದು ಅದನ್ನೇ. ನಾನು ಯಾರನ್ನೂ ಕೇಳದೆ ಪಂಪು ನಿಲ್ಲಿಸಿದೆ. ಕವರ್ ಬಿಚ್ಚಿ, ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಒಂದೊಂದೇ ಜೋಡಣೆಯ ಬಳಿ ಹಿಡಿದೆ. ನಳಿಗೆಯ ಬಾಯಿಯ ನಟ್ಟಿನ ಹತ್ತಿರ ಕಾಗದ ನೀಲಿಯಾಯಿತು. ಸರ್ ಅವರನ್ನು ಕರೆದು ತೋರಿಸಿದೆ.

"ಹೌದು, ನಟ್ ಲೂಸ್ ಉಂಟು. ಟೈಟ್ ಮಾಡು" ಎಂದರು. ಅಷ್ಟೇ.

"ನೋಟೀಸ್ ತೆಗೆಯಬಹುದಾ ಸರ್?"

"ಅದಿರಲಿ. ಕ್ಲೀನ್ ಇದ್ದರೆ ಎಲ್ಲರಿಗೂ ಒಳ್ಳೆಯದೇ ಅಲ್ವಾ."

ನೀವೇ ಹೇಳಿ, ಇದಕ್ಕೆ ಏನೆನ್ನಬೇಕು? ನಟ್ಟಿನ ತಪ್ಪನ್ನು ನಿಂತ ನಿಲುವಿನಲ್ಲೇ ಮನ್ನಿಸಿದರು. ಮಾಡದ ತಪ್ಪಿಗೆ ನಾನು ಶೆಡ್ಡಿನಲ್ಲೇ ಉಳಿದೆ.

ಪಿಎಚ್.ಡಿ. ಮುಗಿದ ದಿನ ಅಮ್ಮ ಬಂದಿದ್ದಳು. ಮಿಂದು, ಹೊಸ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದಿದ್ದಳು. ಲ್ಯಾಬ್ ತೋರಿಸುತ್ತೇನೆ ಬಾ ಎಂದರೆ ಬಾಗಿಲಲ್ಲೇ ನಿಂತಳು. ನೋಟೀಸಿನ ವಿಷಯವನ್ನು ನಾನೇ ಹಿಂದೊಮ್ಮೆ ಅತ್ತು ಹೇಳಿದ್ದೆ. "ನಾನು ಇಲ್ಲಿಂದಲೇ ನೋಡ್ತೇನೆ ಮಗಾ. ಅವರಿಗೆ ವಾಸನೆ ಬರ್ತದೆ" ಎಂದಳು, ತುಳುವಿನಲ್ಲಿ, ಪಿಸುದನಿಯಲ್ಲಿ. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಹೋಗಲಿ ಬಿಡು, ದೊಡ್ಡವರು ಎಂದು ಸಮಾಧಾನ ಹೇಳುವವರ ಮೇಲೂ ಸಿಟ್ಟೇ ಬರುತ್ತದೆ.

ಮಧ್ಯಾಹ್ನ ಆ ಸಹೋದ್ಯೋಗಿಯನ್ನು ಕರೆದು, ಬೈದದ್ದಕ್ಕೆ ಬೇಸರಿಸಬೇಡಿ ಎಂದು ಇದನ್ನೆಲ್ಲ ಹೇಳಿದೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿ, ಶನಿವಾರ ನನ್ನ ಲ್ಯಾಬ್ ನೋಡಲು ಬಾ ಎಂದೆ. ಇಷ್ಟು ವರ್ಷ ಕರೆದಿರಲಿಲ್ಲ. ಮತ್ತೆ ಬಾಗಿಲಲ್ಲಿ ನಿಂತುಬಿಟ್ಟರೆ ಎಂಬ ಹೆದರಿಕೆ.

"ಒಳಗೆ ಬಿಡ್ತಾರಾ?" ಎಂದು ಕೇಳಿದಳು.

"ಬಿಡುವವಳು ನಾನೇ ಅಮ್ಮ. ಈ ಲ್ಯಾಬ್ ನೋಡಿಕೊಳ್ಳುವುದು ನಾನು."

"ಹಾಗಾದರೆ ಮಾರ್ಕೆಟಿನಿಂದ ಸೀದಾ ಬರ್ತೇನೆ" ಎಂದಳು. "ಮನೆಗೆ ಹೋಗಿ ಮಿಂದು ಬರುವುದಿಲ್ಲ."