ಹದಿನೈದು ದಿನ ತಪ್ಪಿಸಿದ ಜೀವಿತಮ್ಮ

ಚಿಕ್ಕನಾಯಕನಹಳ್ಳಿಯ ಜೀವಿತಮ್ಮನ ಬದುಕೆಲ್ಲ ಬೇರೆಯವರ ಹುಣ್ಣು ತೊಳೆಯುವುದರಲ್ಲೇ ಕಳೆಯಿತು. ಮಿಷನ್ನಿನ ದವಾಖಾನೆ ಮುಚ್ಚಿದ ಮೇಲೂ ಆಕೆ ಆ ಕೆಲಸ ಬಿಡಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ಬಸ್ಸು ಹತ್ತಿ, ಹಾಸಿಗೆ ಹಿಡಿದವರ ಮನೆಗೆ ತಾನೇ ಹೋಗುತ್ತಿದ್ದಳು. ಕಟ್ಟು ಕಟ್ಟಿದ ಮೇಲೆ ಎರಡು ಮಾತಿನ ಪ್ರಾರ್ಥನೆ. ಬೇಡ ಎಂದರೆ ಅದೂ ಇಲ್ಲ.

ಹುಳಿಯಾರಿಗೆ ಮೈಲಿ ದೂರದ ಹಳ್ಳಿಯಲ್ಲಿ ಸಿದ್ದಗಂಗಮ್ಮನೆಂಬ ಮುದುಕಿ ಲಕ್ವ ಹೊಡೆದು ಮಲಗಿದ್ದಳು. ಸೊಂಟದ ಹಿಂದೆ ರೂಪಾಯಿ ಅಗಲದ ಹುಣ್ಣು. ಜೀವಿತಮ್ಮ ದಿನ ಬಿಟ್ಟು ದಿನ ಹೋಗಿ ತೊಳೆದು ಕಟ್ಟಿದ್ದರಿಂದ ಅದು ಮಾಯುತ್ತಾ ಬಂದಿತ್ತು. ಅಷ್ಟರಲ್ಲಿ ಹುಳಿಯಾರಿನ ಬಸ್ ಸ್ಟಾಂಡಿನಲ್ಲಿ ನಾಲ್ಕು ಪಡ್ಡೆ ಹುಡುಗರು ಜೀವಿತಮ್ಮನನ್ನು ಅಡ್ಡಗಟ್ಟಿದರು. ಚೀಲ ಕಿತ್ತು ಬ್ಯಾಂಡೇಜು ಬಟ್ಟೆಯನ್ನೆಲ್ಲ ಮಣ್ಣಿಗೆ ಸುರಿದರು.

"ಮತಾಂತರ ಮಾಡಕ್ಕೆ ಬತ್ತೀಯಾ? ಇನ್ನೊಂದ್ಸಲ ಕಂಡ್ರೆ ಸ್ಟೇಷನ್ನಿಗೇ ಎಳ್ಕೊಂಡೋಗ್ತೀವಿ."

ಅವರ ಹಿಂದೆ ಮುದುಕಿಯ ಮಗ ಶ್ರೀರಂಗಯ್ಯನೂ ನೆಲ ನೋಡುತ್ತಾ ನಿಂತಿದ್ದ.

ಸುದ್ದಿ ತಿಳಿದು ಆಕೆಯ ಚರ್ಚಿನ ಪಾಸ್ಟರು ಫೋನಿನಲ್ಲಿ, "ಸದ್ಯಕ್ಕೆ ಹೋಗ್ಬೇಡಿ ಸಿಸ್ಟರ್. ಕೇಸಾದ್ರೆ ನಮ್ಮೆಲ್ರಿಗೂ ತೊಂದ್ರೆ. ಮನೇಲೇ ಕೂತು ಆಯಮ್ಮನಿಗೋಸ್ಕರ ಪ್ರಾರ್ಥನೆ ಮಾಡಿ" ಎಂದರು. ಜೀವಿತಮ್ಮನೂ ಹೆದರಿದ್ದಳು, ಸುಳ್ಳೇಕೆ? ಒಂಟಿ ಹೆಂಗಸು, ಪೊಲೀಸು ಎಂದರೆ ಎದೆ ಧಸಕ್ಕೆನ್ನುವುದಿಲ್ಲವೇ? ಪಾಸ್ಟರ ಮಾತನ್ನೇ ನೆವ ಮಾಡಿಕೊಂಡು ಹದಿನೈದು ದಿನ ಮನೆಯಲ್ಲಿ ಕೂತಳು.

ಹದಿನಾರನೆಯ ದಿನ ಶ್ರೀರಂಗಯ್ಯನ ಹೆಂಡತಿ ಚಿಕ್ಕಗೌರಮ್ಮನ ಫೋನು ಬಂತು. "ಅಕ್ಕಾ, ಅತ್ತೆ ಕ್ವಾಣೆಗೆ ಕಾಲಿಡಕ್ಕಾಗ್ತಿಲ್ಲ, ವಾಸ್ನೆ ಕಣಕ್ಕ. ಒಂದ್ಗಳಿಗೆ ಬಂದೋಗಕ್ಕ."

ಹೋದಳು. ಬಸ್ ಸ್ಟಾಂಡಿನಲ್ಲಿ ಅವತ್ತು ಆ ಹುಡುಗರಿರಲಿಲ್ಲ. ಕೊಬ್ಬರಿ ಅಟ್ಟದ ಕೆಳಗಿನ ಕತ್ತಲೆ ಕೋಣೆ. ಯಾರೋ ಹೇಳಿದರೆಂದು ತೆಂಗಿನ ಚಿಪ್ಪು ಸುಟ್ಟು ಇಳಿಸಿದ ಕಪ್ಪೆಣ್ಣೆಯನ್ನು ಹುಣ್ಣಿಗೆ ಬಳಿದಿದ್ದರು. ಚರ್ಮದ ಹುಳುಕಡ್ಡಿಗೆ ಹಚ್ಚುವ ಮದ್ದು ಅದು, ಹಸಿ ಹುಣ್ಣಿಗಲ್ಲ! ಕರೀ ಹಕ್ಕಳೆ ಎಬ್ಬಿಸಿದರೆ ಕೆಳಗೆ ಅಂಗೈ ಅಗಲ ಮಾಂಸ ಕೊಳೆತು ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು. ಮೂವತ್ತು ವರ್ಷದಲ್ಲಿ ಬಾರದ ವಾಕರಿಕೆ ಜೀವಿತಮ್ಮನಿಗೆ ಅವತ್ತು ಬಂತು. ಹುಳ ಕಂಡು ಬಂದದ್ದಲ್ಲ. ಮನೆಯಲ್ಲಿ ಕೂತು ಮಾಡಿದ ಆ ಹದಿನೈದು ದಿನದ ಪ್ರಾರ್ಥನೆ ನೆನೆದು ಬಂದದ್ದು.

ಶ್ರೀರಂಗಯ್ಯ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದ.

"ಏನಪ್ಪಾ, ನಾನು ನಿಮ್ಮವ್ವನ ಜಾತಿ ಕೆಡುಸ್ತೀನಿ ಅಂತ ಕಾವಲು ನಿಂತ್ಯಾ? ಹುಳ ತಿನ್ನೋವಾಗ ಎಲ್ಲಿ ಹೋಗಿತ್ತೋ ನಿನ್ನ ಕಾವಲು? ಬಾ, ಅವ್ವನ್ನ ಮಗ್ಗುಲಿಗೆ ತಿರುಗ್ಸಿ ಹಿಡ್ಕ."

"ನನ್ ಕೈಲಾಗಲ್ಲ ಕಣಮ್ಮ, ಹೊಟ್ಟೆ ತೊಳುಸ್ತದೆ."

"ನಿನ್ನ ಕುಂಡಿ ತೊಳಿಯೋವಾಗ ನಿಮ್ಮವ್ವ ಹಂಗಂದಿದ್ರೆ?"

ಬಂದು ಹಿಡಿದುಕೊಂಡ. ಆಕೆ ಚಿಮಟದಿಂದ ಒಂದೊಂದೇ ಹುಳ ತೆಗೆದು, ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು ಕಟ್ಟಿದಳು. ಮುದುಕಿ ಸೊಟ್ಟ ಬಾಯಲ್ಲಿ, "ನಾಳಿದ್ದು ಬತ್ತೀಯೇನವ್ವಾ?" ಎಂದಳು.

"ಬತ್ತೀನಿ."

ಅಂಗಳಕ್ಕೆ ಬಂದು ಶ್ರೀರಂಗಯ್ಯನಿಗೆ ಹೇಳಿದಳು: "ನಾಳಿದ್ದು ಹತ್ತು ಗಂಟೆಗೆ ಬಸ್ ಸ್ಟಾಂಡಿಗೆ ಬಾ. ಎಲ್ರೆದುರಿಗೂ ನೀನೇ ನನ್ನ ಕರ್ಕೊಂಡು ಬರ್ಬೇಕು."

"ಹುಡುಗ್ರು ಕಂಡ್ರೆ ಏನಂದಾರು?"

"ನಾನೂ ಹದಿನೈದು ದಿನ ಅದನ್ನೇ ಯೋಚ್ನೆ ಮಾಡ್ತಾ ಕೂತಿದ್ದೆ. ಏನಾಯ್ತು ಅಂತ ಒಳಗೆ ನೋಡಿದ್ಯಲ್ಲ."

ಸಂಜೆ ಪಾಸ್ಟರ ಫೋನು. "ಹೋಗಿದ್ರಂತೆ? ಯಾರಾದ್ರೂ ನೋಡಿದ್ರಾ?" ಮುದುಕಿ ಹೇಗಿದ್ದಾಳೆಂದು ಕೇಳಲಿಲ್ಲ.

"ಇವತ್ತು ಹುಳ ನೋಡಿದ್ವು, ಪಾಸ್ಟರೇ. ನಾಳಿದ್ದು ಜನ ನೋಡ್ತಾರೆ" ಎಂದು ಫೋನಿಟ್ಟಳು.

ಹೇಳಿದ ದಿನ ಚೀಲವನ್ನು ಎದೆಗವಚಿಕೊಂಡು ಬಸ್ಸಿಳಿದಳು. ಆ ಹುಡುಗರು ಅಲ್ಲೇ ಬೈಕಿನ ಮೇಲೆ ಕೂತಿದ್ದರು. ಶ್ರೀರಂಗಯ್ಯನೂ ಬಂದಿದ್ದ. ಗಾಡಿಯಿಲ್ಲದೆ ನಡೆದು ಬಂದವನು ಗುರುತು ಸಿಗದಂತೆ ತಲೆಗೆ ಹೆಲ್ಮೆಟ್ಟು ಹಾಕಿಕೊಂಡಿದ್ದ! ಆಕೆಯನ್ನು ಕಂಡವನೇ ತನಗೂ ಅವಳಿಗೂ ಸಂಬಂಧವೇ ಇಲ್ಲವೆಂಬಂತೆ ಇಪ್ಪತ್ತು ಮಾರು ಮುಂದೆ ಬಿರಬಿರನೆ ನಡೆದ.

"ಥೂ, ನಿನ್ನ ಜನ್ಮಕ್ಕೆ" ಎಂದು ಜೀವಿತಮ್ಮ, ಹುಡುಗರ ಮುಂದೆಯೇ ಹಾದು, ಅವನ ಹಿಂದೆ ಹೊರಟಳು.